ಕೂಡಲಿಯ ಬಾಟಲಿ

ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ದೋಸೆಹಿಟ್ಟಿನ ಪಾತ್ರೆ ಇತ್ತು. ಅದರ ಹಿಂದೆ ನಿನ್ನೆಯ ಸಾರು ಇತ್ತು. ಸಾರಿನ ಹಿಂದೆ ಏನೂ ಇರಲಿಲ್ಲ. ವೇದಾವತಿ ಪಾತ್ರೆಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ ಮೂಲೆಯವರೆಗೂ ಕೈ ಹಾಕಿ ತಡವಿದಳು. ಸಿಕ್ಕಿದ್ದು ಒಂದು ಒದ್ದೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಮುದುಡಿದ ದಿನಪತ್ರಿಕೆ. ಸುತ್ತಿದ್ದ ಕಾಗದ ಇಲ್ಲೇ ಬಿದ್ದಿದೆ, ಬಾಟಲಿ ಮಾತ್ರ ಇಲ್ಲ. ಕಾಲು ಬಂದು ನಡೆದು ಹೋಯಿತೇ?

"ಅತ್ತೆ!" ಎಂದು ಕೂಗಿದಳು. ಕೂಗುತ್ತಲೇ ದೇವರ ಮನೆಗೆ ನಡೆದಳು.

ದೇವರ ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಮಹಾಂತಮ್ಮ ದಿನವೂ ಐದೂವರೆಗೆಲ್ಲ ಸ್ನಾನ ಮುಗಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜಿಸಿ, ಲಿಂಗಕ್ಕೆ ಎರೆದ ನೀರನ್ನು ಮೂರು ಸಲ ಕುಡಿದ ಮೇಲೆಯೇ ಕಾಫಿಯ ಮಾತೆತ್ತುವವರು. ಮಣೆಯ ಮುಂದೆ ತಾಮ್ರದ ಬಟ್ಟಲಿತ್ತು. ತಳದಲ್ಲಿ ಒಂದು ಚಮಚದಷ್ಟು ನೀರು ಉಳಿದಿತ್ತು. ವೇದಾವತಿ ಮಂಡಿಯೂರಿ ಬಟ್ಟಲನ್ನು ಮೂಗಿಗೆ ಹಿಡಿದಳು. ವಿಭೂತಿ ಮತ್ತು ಊದಿನಕಡ್ಡಿಯ ಕೆಳಗಿನಿಂದ ಅದೇ ವಾಸನೆ ಸಣ್ಣಗೆ ಎದ್ದು ಬಂತು. ನಿನ್ನೆ ಮಡುವಿನ ದಂಡೆಯಲ್ಲಿ ಮೂಗಿಗೆ ಹೊಡೆದ ವಾಸನೆ. 

ಆ ಬಾಟಲಿ ನಿಜಕ್ಕೂ ಅತ್ತೆಯದೇ. ಯಾವ ಕಾಲದ್ದೋ ಶರಬತ್ತಿನ ಗಾಜಿನ ಬಾಟಲಿ, ಉದ್ದ ಕತ್ತಿನದು, ಬೂದಿ ಹಾಕಿ ಉಜ್ಜಿ ಉಜ್ಜಿ ಮಿರುಗುತ್ತಿತ್ತು. ಮೂರು ವರ್ಷದ ಹಿಂದೆ ವೇದಾವತಿ ಶಿವಮೊಗ್ಗದಲ್ಲಿ ಸಂಶೋಧನೆಗೆ ಸೇರಿ, ಭದ್ರಾ ಹೊಳೆಯ ನೀರುನಾಯಿಗಳು ಯಾಕೆ ಕಡಿಮೆಯಾಗುತ್ತಿವೆ ಎನ್ನುವುದನ್ನು ವಿಷಯವಾಗಿ ತೆಗೆದುಕೊಂಡಾಗ ಮಲವಗೊಪ್ಪದ ಈ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತು. ಭದ್ರಾವತಿ ದಾಟಿದ ಮೇಲೆ ಹೊಳೆಯ ದಂಡೆಗುಂಟ ತಿಂಗಳಿಗೆರಡು ಸಲ ನಡೆಯಬೇಕು, ಬಂಡೆಗಳ ಮೇಲೆ ನೀರುನಾಯಿ ಹಾಕಿದ ಹಿಕ್ಕೆ ಎಣಿಸಬೇಕು, ಅದನ್ನು ಬಿಡಿಸಿ ಒಳಗಿನ ಮೀನಿನ ಮುಳ್ಳು, ಏಡಿಯ ಚಿಪ್ಪು ನೋಡಬೇಕು. "ನಮ್ಮನೆ ಸೊಸೆ ನಾಯಿ ಹಿಕ್ಕೆ ಎಣಿಸಕ್ಕೆ ಹೊಳೆ ದಂಡೆ ತಿರುಗ್ತಾಳೆ ಅಂದ್ರೆ ಜನ ಯಾವ ಬಾಯಲ್ಲಿ ನಗಬೇಕೇ ಮಾರಾಯ್ತಿ?" ಎಂದು ಮಹಾಂತಮ್ಮ ತಲೆ ಚಚ್ಚಿಕೊಂಡಿದ್ದರು. ಗಂಡ ಮಲ್ಲೇಶ ಎಂದಿನಂತೆ ಭದ್ರಾವತಿಯ ಕಾರ್ಖಾನೆಯ ಫಸ್ಟ್ ಶಿಫ್ಟಿನ ನೆಪ ಹೇಳಿ ಜಾರಿಕೊಂಡಿದ್ದ.

ಆಗ ವೇದಾವತಿಗೆ ಒಂದು ಉಪಾಯ ಹೊಳೆಯಿತು. "ಹೊಳೆ ಕೂಡಲಿಗೇ ಹೋಗಿ ಸೇರೋದಲ್ವಾ ಅತ್ತೆ. ಹೋದಾಗೆಲ್ಲ ನಿಮಗೆ ಸಂಗಮದ ತೀರ್ಥ ತಂದುಕೊಡ್ತೀನಿ," ಎಂದಳು. ತುಂಗೆ ಭದ್ರೆ ಎರಡೂ ಕೂಡುವ ಜಾಗದ ನೀರು ಮನೆಬಾಗಿಲಿಗೇ ಬರುತ್ತದೆ ಎಂದರೆ ಯಾರು ಬೇಡವೆನ್ನುತ್ತಾರೆ? ಮಹಾಂತಮ್ಮನ ಮುಖ ಅರಳಿತು. ಪ್ಲಾಸ್ಟಿಕ್ಕಿನಲ್ಲಿ ತೀರ್ಥ ತರಬಾರದೆಂದು ಈ ಬಾಟಲಿಯನ್ನು ತಾವೇ ತೊಳೆದು ಕೊಟ್ಟರು. ಮೊದಲ ನಾಲ್ಕು ಸಲ ವೇದಾವತಿ ನಿಯತ್ತಾಗಿ ಕೂಡಲಿಗೆ ಹೋಗಿ ಬಂದಳು. ಐದನೇ ಸಲ ಹೊಳೆಹೊನ್ನೂರಿನ ಬಸ್ಸು ತಪ್ಪಿತು. ಅಂದು ದಾರಿಯಲ್ಲೇ, ಹೊಳೆ ತಿಳಿಯಾಗಿ ಕಂಡ ಕಡೆ ಬಾಟಲಿ ತುಂಬಿಕೊಂಡು ಬಂದಳು. ಆಮೇಲೆ ಕೂಡಲಿಯ ಕಡೆ ತಲೆ ಹಾಕಿದ್ದೇ ಇಲ್ಲ. ಎಷ್ಟೋ ಸಲವಂತೂ ಭದ್ರಾವತಿ ಬಸ್‌ಸ್ಟ್ಯಾಂಡಿನ ನಲ್ಲಿಯ ನೀರೇ ತೀರ್ಥವಾಗಿ ಮನೆಗೆ ಬಂದಿತ್ತು. ಮುದುಕಿಯ ಮನಸ್ಸಿಗೆ ಸಮಾಧಾನ, ನನಗೂ ಕೆಲಸ, ಇದರಲ್ಲಿ ಯಾರಿಗೆ ಏನು ನಷ್ಟ ಎಂದುಕೊಂಡಿದ್ದಳು.

ನಿನ್ನೆ ಭಾನುವಾರ ಅವಳು ಮತ್ತು ಗೋವಿಂದ ಬಸವನಮಡುವಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಗೋವಿಂದ ಒಂದು ಕಾಲಕ್ಕೆ ಹರಿಗೋಲು ಹಾಕುತ್ತಿದ್ದವನು, ಐವತ್ತು ದಾಟಿದೆ, ಹೊಳೆಯ ಬಂಡೆ ಬಂಡೆಯ ಹೆಸರು ಬಲ್ಲವನೆಂದು ಅವಳು ಜೊತೆಗೆ ಕರೆದೊಯ್ಯುತ್ತಿದ್ದಳು. ಏಪ್ರಿಲ್ ತಿಂಗಳ ಹೊಳೆ ಸೊರಗಿ, ಅಲ್ಲಲ್ಲಿ ಮಡುಗಳಲ್ಲಿ ಮಾತ್ರ ನೀರು ನಿಂತಿತ್ತು. ಇದ್ದಬದ್ದ ಮೀನೆಲ್ಲ ಮಡು ಸೇರುವ ಕಾಲ ಅದು. ಮೀನಿನ ಹಿಂದೆ ನೀರುನಾಯಿಗಳೂ ಬರುತ್ತವೆ. ಅಂದು ಮಡುವಿನ ಮೇಲೆ ಬಿಳಿಯ ಹೊಟ್ಟೆಗಳು ತೇಲುತ್ತಿದ್ದವು. ಬಾಳೆಮೀನು, ಕೊರವ, ಹಾವುಮೀನು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿ, ಎಲ್ಲವೂ. ಇನ್ನೂ ಜೀವ ಇದ್ದವು ಓರೆಯಾಗಿ ಮೇಲೆ ಬಂದು, ಬಾಯಿ ತೆರೆದು, ಒಂದೇ ಕಡೆಗೆ ಗಿರಗಿರನೆ ಸುತ್ತುತ್ತಿದ್ದವು.

"ಮುಟ್ಟಬ್ಯಾಡಿ ಮೇಡಮ್ಮೋರೆ. ಔಷಧಿ ಹಾಕವ್ರೆ," ಎಂದ ಗೋವಿಂದ. "ಗದ್ದೆಗೆ ಹೊಡಿಯೋದು. ಬೆಳಿಗ್ಗೆ ಯಾರೋ ಟ್ರ್ಯಾಕ್ಟ್ರಲ್ಲಿ ಬಂದು ದೊಡ್ಡ ಮೀನೆಲ್ಲ ಬಾಚ್ಕೊಂಡ್ ಹೋದ್ರಂತೆ. ದನ ಕಾಯೋರು ಹೇಳಿದ್ರು. ಮದುವೆ ಮನೆಗಂತೆ."

ಬಂಡೆಯ ಬುಡದಲ್ಲಿ ನೀರುನಾಯಿ ಸತ್ತು ಬಿದ್ದಿತ್ತು. ಮೂರು ವರ್ಷದಿಂದ ಅವಳು ನೋಡುತ್ತ ಬಂದಿದ್ದ ತಾಯಿ ಅದು, ಎಡಗಿವಿ ಹರಿದದ್ದು. ಪಕ್ಕದಲ್ಲಿ ಎರಡು ಮರಿ. ಮೂರರ ಬಾಯಲ್ಲೂ ನೊರೆ ಒಣಗಿತ್ತು. ವೇದಾವತಿ ಅಳಲಿಲ್ಲ. ಅಳುವುದಕ್ಕಿಂತ ಮೊದಲು ನೀರು ತೆಗೆದುಕೊಳ್ಳಬೇಕಿತ್ತು, ಸಂಜೆಗೆ ವಿಷ ಹರಿದು ಹೋಗಿಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ. ಆದರೆ ಲ್ಯಾಬಿನ ಆರು ಬಾಟಲಿಗಳೂ ಹೊಳೆಯ ಮೇಲಿನ ಜಾಗಗಳಲ್ಲಿ ತುಂಬಿಹೋಗಿದ್ದವು. ಚೀಲದಲ್ಲಿ ಉಳಿದಿದ್ದದ್ದು ತೀರ್ಥದ ಬಾಟಲಿ ಒಂದೇ. ಬಂಡೆಯ ಸಂದಿಯಲ್ಲಿ ನೀರು ಹಾಲು ಬೆರೆಸಿದಂತೆ ಬೆಳ್ಳಗೆ ನಿಂತಿತ್ತು. ಕೈಗೆ ಚೀಲ ಸುತ್ತಿಕೊಂಡು ಅದನ್ನೇ ತುಂಬಿದಳು. ಪ್ಲಾಸ್ಟರು ಪಟ್ಟಿಯ ಮೇಲೆ ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಬಿ-ಏಳು ಎಂದು ಬರೆದು ಅಂಟಿಸಿದಳು. ವಿಷ ಎಂದು ಬರೆಯಬಹುದಿತ್ತು. ಮನೆಯ ಫ್ರಿಜ್ಜಿನಲ್ಲಿ ವಿಷ ಇಟ್ಟಿದ್ದಾಳೆಂದು ಗೊತ್ತಾದರೆ ಇನ್ನೊಂದು ರಾಮಾಯಣ, ಬೆಳಗಾಗುತ್ತಲೇ ನಾನೇ ಲ್ಯಾಬಿಗೆ ಒಯ್ಯುತ್ತೇನಲ್ಲ ಎಂದು ಸುಮ್ಮನಾದಳು. ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಮಠದ ಪ್ರವಚನಕ್ಕೆ ಹೋಗಿದ್ದರು. ಆರು ಬಾಟಲಿ ಥರ್ಮೋಕೋಲ್ ಪೆಟ್ಟಿಗೆಗೆ ಹಿಡಿದವು. ಏಳನೆಯದರ ಕತ್ತು ಉದ್ದವಾಗಿ ಮುಚ್ಚಳ ಕೂರಲಿಲ್ಲ. ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಫ್ರಿಜ್ಜಿನಲ್ಲಿ ಸಾರಿನ ಹಿಂದೆ ಬಚ್ಚಿಟ್ಟಳು.

ಈಗ ಗಂಟೆ ಏಳು. ದಣಿದಿದ್ದವಳು ಒಂದು ಗಂಟೆ ಹೆಚ್ಚು ಮಲಗಿಬಿಟ್ಟಿದ್ದಳು. ಅತ್ತೆಗೆ ಎರಡು ವರ್ಷದಿಂದ ಮೂಗು ಕಟ್ಟಿ ಮಲ್ಲಿಗೆಯ ವಾಸನೆಯೂ ತಿಳಿಯದು. ತಮ್ಮ ಬಾಟಲಿ ಫ್ರಿಜ್ಜಿನಲ್ಲಿ ಕಂಡಾಗ, ಸೊಸೆ ತೀರ್ಥ ತಣ್ಣಗಿರಲೆಂದು ಇಟ್ಟಿದ್ದಾಳೆ ಎಂದುಕೊಂಡಿರಬೇಕು. ನೀರು ಬೆಳ್ಳಗಿದ್ದರೆ, ಬೇಸಗೆಯಲ್ಲಿ ಹೊಳೆ ಕದಡಿದೆ ಎಂದುಕೊಂಡಿರಬೇಕು. ಆದರೆ ಬಾಟಲಿಯನ್ನು ಎಲ್ಲಿಗೆ ಒಯ್ದರು?

ವೇದಾವತಿ ಬರಿಗಾಲಲ್ಲೇ ಹೊರಗೆ ಓಡಿದಳು. ಎದುರು ಮನೆಯ ಜಗಲಿಯಲ್ಲಿ ಧರ್ಮಪ್ಪಜ್ಜ ಪೇಪರು ಹಿಡಿದು ಕೂತಿದ್ದರು.

"ಅಜ್ಜಾ, ನಮ್ಮತ್ತೇನ ನೋಡಿದ್ರಾ?"

"ಈಗಿನ್ನ ತೀರ್ಥ ಕೊಟ್ಟು ಹೋದ್ರಲ್ಲ. ನಿನ್ನ ಹೆಸರು ಹೇಳ್ಕೊಂಡೇ ಕುಡಿದೆ ಕಣಮ್ಮ," ಎಂದು ಅಜ್ಜ ಬೊಚ್ಚು ಬಾಯಲ್ಲಿ ನಕ್ಕರು. "ಸೋಮವಾರ ಬಂತು ಅಂದ್ರೆ ಕಾಯ್ತಾ ಕೂತಿರ್ತೀನಿ. ನಿನ್ನ ತೀರ್ಥ ಶುರುವಾದ ಮೇಲೆ ಉರಿಮೂತ್ರ ಎಷ್ಟೋ ವಾಸಿ."

"ಸೋಮವಾರ ಸೋಮವಾರ ಕೊಡ್ತಾರಾ?"

"ಏ, ನಿಂಗೆ ಗೊತ್ತಿಲ್ವಾ? ನಿಮ್ಮತ್ತೆ ಕೊಡದ ಮನೆ ಯಾವುದೈತೆ ಇಲ್ಲಿ?"

 ಸೋಮವಾರ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿಬಿಡುವವಳು. ಅವಳು ಬಸ್ಸಿನಲ್ಲಿ ಕೂತಿದ್ದಾಗ ಅವಳ ಬಸ್‌ಸ್ಟ್ಯಾಂಡಿನ ನೀರು ಬೀದಿಯ ಜನರ ನಾಲಿಗೆಯ ಮೇಲೆ ಕೂತಿತ್ತು. ಹತ್ತಿರ ಹತ್ತಿರ ಮೂರು ವರ್ಷ! "ಅಜ್ಜಾ, ಎಲ್ಲೂ ಹೋಗಬೇಡಿ, ಇಲ್ಲೇ ಇರಿ," ಎಂದಳು. ಎಲ್ಲಿಗೆ ಹೋಗ್ತೀನಿ, ಯಾಕೆ ಎಂದು ಅಜ್ಜ ಕೇಳುವಷ್ಟರಲ್ಲಿ ಅವಳು ಪದ್ಮಮ್ಮನ ಮನೆಯ ಬಾಗಿಲಲ್ಲಿದ್ದಳು. ಅತ್ತೆಯ ಚಪ್ಪಲಿ ಅಲ್ಲೇ ಇತ್ತು.

ಒಳಗೆ ಪದ್ಮಮ್ಮನ ಸೊಸೆ ಇಂಪನಾ ತಲೆಗೆ ಸ್ನಾನ ಮಾಡಿ ಟವೆಲು ಸುತ್ತಿಕೊಂಡು ನಿಂತಿದ್ದಳು. ಏಳು ತಿಂಗಳ ಬಸುರಿ. ಎರಡು ಸಲ ನಿಲ್ಲದೆ ಹೋಗಿ ಈಗ ನಿಂತದ್ದು. ಬಲ ಅಂಗೈಯನ್ನು ಗುಳಿ ಮಾಡಿ, ಅದರ ಕೆಳಗೆ ಸೆರಗು ಹಿಡಿದು, ಕಣ್ಣು ಮುಚ್ಚಿ ಅದನ್ನು ಬಾಯಿಗೆ ಎತ್ತುತ್ತಿದ್ದಳು. ಅಂಗೈಯಲ್ಲಿ ಬೆಳ್ಳಗಿನ ನೀರು ಕಂಡಿತು.

ವೇದಾವತಿ ಆ ಕೈಗೆ ಪಟ್ಟನೆ ಹೊಡೆದಳು.

ನೀರು ಗೋಡೆಗೆ ಸಿಡಿಯಿತು. ಇಂಪನಾ ಕಿರುಚಿದಳು. ಒಲೆಯ ಮುಂದಿದ್ದ ಪದ್ಮಮ್ಮ ಓಡಿ ಬಂದರು. ಹಿತ್ತಿಲಿನಿಂದ ಮಹಾಂತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ಸೊಸೆಯನ್ನೂ ಒದ್ದೆ ಗೋಡೆಯನ್ನೂ ನೋಡಿ ಗರಬಡಿದವರಂತೆ ನಿಂತರು.

"ಏನು ಬಂತೇ ನಿಂಗೆ? ಬಸುರಿ ಕೈಲಿರೋ ತೀರ್ಥ ಚೆಲ್ತೀಯಾ?" ಎಂದು ಪದ್ಮಮ್ಮ ಅಬ್ಬರಿಸಿದರು. "ಒಳ್ಳೇದಾಗುತ್ತಾ ಇದು? ಆ ಹುಡುಗಿ ಪಟ್ಟಿದ್ದು ಸಾಲ್ದಾ?"

ಸತ್ಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಇಂಪನಾ ಹೊಟ್ಟೆ ಹಿಡಿದುಕೊಂಡು ಗಡಗಡ ನಡುಗುತ್ತಿದ್ದಳು. ವಿಷ ಎಂದರೆ ಈ ಹುಡುಗಿ ಇಲ್ಲೇ ಬಿದ್ದಾಳು ಎನಿಸಿತು. "ಹಲ್ಲಿ ಬಿದ್ದಿತ್ತು ಪದ್ಮಕ್ಕ," ಎಂದಳು ವೇದಾವತಿ. "ಬಾಟಲಿಗೆ ಹಲ್ಲಿ ಬಿದ್ದಿತ್ತು. ನಾನು ಎಸೀಬೇಕು ಅಂತ ಇಟ್ಟಿದ್ದೆ. ಅತ್ತೆಗೆ ಗೊತ್ತಿರಲಿಲ್ಲ. ನೀನು ಕುಡಿದ್ಯಾ ಇಂಪನಾ? ನಾಲಿಗೆಗೆ ತಾಗ್ತಾ?"

"ಇಲ್ಲ ಅಕ್ಕ," ಎಂದಳು ಇಂಪನಾ ಅಳುತ್ತ.

"ಸೋಪು ಹಾಕಿ ಕೈ ತೊಳ್ಕೋ. ಎರಡು ಸಲ ತೊಳ್ಕೋ. ಅತ್ತೆ, ನೀವು ಕುಡಿದ್ರಾ?"

"ಪೂಜೆ ಮಾಡಿ ಕುಡೀದೆ ಇರ್ತೀನಾ?"

"ಇನ್ಯಾರಿಗೆ ಕೊಟ್ರಿ?"

"ಧರ್ಮಪ್ಪನೋರಿಗೆ ಒಂದು ಚಮಚ. ಆಮೇಲೆ ಇಲ್ಲಿಗೇ ಬಂದೆ. ಹಲ್ಲೀನಾ? ಅಯ್ಯೋ ಶಿವನೇ, ಲಿಂಗದ ಮೇಲೆ ಎರೆದೆನಲ್ಲೇ!" ಎಂದು ಮಹಾಂತಮ್ಮ ಕುಸಿದು ಕೂತರು. ಬಾಟಲಿ ಅವರ ಕಂಕುಳಲ್ಲಿತ್ತು. ವೇದಾವತಿ ಕಿತ್ತುಕೊಂಡು ನೋಡಿದಳು. ಖಾಲಿ. ಯಾರು ಕುಡಿದರು ಎಂದಷ್ಟೇ ಅವಳ ತಲೆಯಲ್ಲಿ ಓಡುತ್ತಿತ್ತು. ಒಂದು ಲೀಟರು ನೀರಿನಲ್ಲಿ ನಾಲ್ಕೈದು ಚಮಚ ಹೋದರೆ ಉಳಿದದ್ದು ಎಲ್ಲಿ ಎಂದು ಕೇಳಬೇಕೆಂದು, ಲೆಕ್ಕವೇ ಉಸಿರಾಗಿದ್ದ ವೇದಾವತಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಅತ್ತೆಯನ್ನೂ ಅಜ್ಜನನ್ನೂ ಹತ್ತಿಸಿಕೊಂಡ ಆಟೋ ಶಿವಮೊಗ್ಗದ ದೊಡ್ಡಾಸ್ಪತ್ರೆ ಮುಟ್ಟುವವರೆಗೂ ಧರ್ಮಪ್ಪಜ್ಜ ಹಲ್ಲಿ ಬಿದ್ದ ಪಾಯಸ ತಿಂದು ಬದುಕಿದವರ, ಸತ್ತವರ ಕತೆ ಹೇಳುತ್ತಲೇ ಇದ್ದರು. ಡ್ಯೂಟಿಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನವನು, ಕಣ್ಣಲ್ಲಿ ನಿದ್ದೆ ಇನ್ನೂ ಇತ್ತು. ಹಲ್ಲಿ ಎಂದ ತಕ್ಷಣ ಪೆನ್ನು ಕೆಳಗಿಟ್ಟ.

"ಹಲ್ಲಿ ಬಿದ್ರೆ ಏನೂ ಆಗಲ್ಲಮ್ಮ. ಮಜ್ಜಿಗೆ ಕುಡಿಸಿ, ಮನೆಗೆ ಕರ್ಕೊಂಡು ಹೋಗಿ."

"ಡಾಕ್ಟ್ರೇ, ಹಲ್ಲಿ ಅಲ್ಲ," ಎಂದಳು ವೇದಾವತಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಅತ್ತೆ ಎರಡು ಮಾರು ದೂರದ ಬೆಂಚಿನಲ್ಲಿ ಕೂತಿದ್ದರು. "ಹಲ್ಲಿ ಅಲ್ಲ. ಮೀನು ಹಿಡಿಯೋಕೆ ಯಾರೋ ಹೊಳೆಗೆ ಕ್ರಿಮಿನಾಶಕ ಹಾಕಿದ್ರು. ಆ ನೀರು."

ಡಾಕ್ಟರು ಎದ್ದು ನಿಂತ. "ಯಾವ ಔಷಧಿ?"

"ಗೊತ್ತಿಲ್ಲ."

"ಎಷ್ಟು ಸ್ಟ್ರಾಂಗ್ ಇತ್ತು?"

"ಗೊತ್ತಿಲ್ಲ. ಅದನ್ನ ತಿಳಿಯೋಕೇ ತಂದಿದ್ದೆ."

"ಸರಿ, ಆ ನೀರು ಎಲ್ಲಿ?"

ವೇದಾವತಿ ಖಾಲಿ ಬಾಟಲಿಯನ್ನು ಮುಂದೆ ಹಿಡಿದಳು. ಡಾಕ್ಟರು ಅದನ್ನು ಮೂಸಿ ಮುಖ ಹಿಂದಕ್ಕೆ ತೆಗೆದುಕೊಂಡ. ವೇದಾವತಿ ಹೆದರಿ ತಿರುಗಿದಾಗ ಅತ್ತೆ ಅವಳನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕಿವಿ ಮಂದವಾದ ಧರ್ಮಪ್ಪಜ್ಜ ಮಾತ್ರ ಇನ್ನೂ ಹಲ್ಲಿಯ ಲೋಕದಲ್ಲೇ ಇದ್ದರು.

ಇಬ್ಬರಿಗೂ ಡ್ರಿಪ್ ಹಾಕಿ ಮಲಗಿಸಿದರು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಕೈಕಾಲು ಅದುರಿದರೆ, ವಾಂತಿಯಾದರೆ, ಜೊಲ್ಲು ಸುರಿದರೆ, ಸಿಕ್ಕಾಪಟ್ಟೆ ಬೆವರಿದರೆ ತಕ್ಷಣ ಕರೆಯಿರಿ, ಸಂಜೆಯವರೆಗೆ ಏನೂ ಆಗದಿದ್ದರೆ ಭಯವಿಲ್ಲ ಎಂದು ಡಾಕ್ಟರು ಹೇಳಿ ಹೋದ. ಆಗ ಗಂಟೆ ಒಂಬತ್ತು. ಸಂಜೆ ಎನ್ನುವುದು ಎಷ್ಟು ದೂರ! ಏಪ್ರಿಲ್ ತಿಂಗಳು, ಫ್ಯಾನು ತಿರುಗಿದರೂ ತಿರುಗದಂತಿತ್ತು. ಆ ವಾರ್ಡಿನಲ್ಲಿ ಬೆವರದವರು ಯಾರು? ಅತ್ತೆಯ ಹಣೆಯ ಮೇಲಿನ ಒಂದೊಂದು ಹನಿಯನ್ನೂ ವೇದಾವತಿ ದಿಟ್ಟಿಸಿ ನೋಡಿದಳು. ಅತ್ತೆ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿದರೆ ನಿದ್ದೆಯೋ ಪ್ರಜ್ಞೆ ತಪ್ಪಿತೋ ಎಂದು ಅಲುಗಾಡಿಸುತ್ತಿದ್ದಳು. ತುಟಿಯ ಅಂಚು ಒದ್ದೆಯಾದಂತೆ ಕಂಡರೆ ಬಸವನಮಡುವಿನ ಬಂಡೆಯ ಬುಡದಲ್ಲಿ ಒಣಗಿದ್ದ ನೊರೆ ಕಣ್ಣ ಮುಂದೆ ಬರುತ್ತಿತ್ತು. ಅಜ್ಜ ಟೀ ಬನ್ನು ಕೇಳಿ, ಸಿಗದೆ, ಗೊರಕೆ ಹೊಡೆಯತೊಡಗಿದರು. ಆ ಗೊರಕೆ ನಡುವೆ ನಿಂತಾಗಲೆಲ್ಲ ಅವಳು ಎದ್ದು ಹೋಗಿ ಮೂಗಿನ ಬಳಿ ಕೈ ಹಿಡಿದು ನೋಡಿ ಬರುತ್ತಿದ್ದಳು.

 ಮಧ್ಯಾಹ್ನದ ಹೊತ್ತಿಗೆ ಮಹಾಂತಮ್ಮ ತಾರಸಿ ನೋಡುತ್ತ ಕೇಳಿದರು.

"ಹೊಳೆಗೆ ವಿಷ ಹಾಕ್ತಾರೇನೇ?"

"ಹೂಂ ಅತ್ತೆ. ಬೇಸಗೆಲಿ ಹಾಕ್ತಾರೆ. ಒಂದು ಡಬ್ಬಿ ಸುರಿದ್ರೆ ಇಡೀ ಮಡು ಮೀನು ಮೇಲೆ ಬರುತ್ತೆ. ಅದನ್ನ ತಿಂದ ನೀರುನಾಯೀನೂ ಸಾಯುತ್ತೆ. ನಿನ್ನೆ ತಾಯಿ ಸತ್ತಿತ್ತು. ಎರಡು ಮರಿ ಸತ್ತಿದ್ವು."

"ಕೂಡಲೀಲಾ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬೆಳಗಿನಿಂದ ಸಾವಿಗೆ ಹೆದರಿದಷ್ಟೇ ಇದಕ್ಕೂ ಹೆದರಿದ್ದಳು. ಎಲ್ಲವನ್ನೂ ಹೇಳಿದಳು. ತಪ್ಪಿದ ಬಸ್ಸು, ತಿಳಿನೀರು ಕಂಡ ದಂಡೆ, ಭದ್ರಾವತಿಯ ನಲ್ಲಿ. ಹೇಳುತ್ತ ಹೇಳುತ್ತ ಅತ್ತೆಯ ಡ್ರಿಪ್ಪಿನ ಕೈಯನ್ನು ಹಿಡಿದುಕೊಂಡಿದ್ದಳು. ಆ ಕೈ ಮೆಲ್ಲಗೆ ಹಿಂದೆ ಸರಿಯಿತು.

"ಬಸ್‌ಸ್ಟ್ಯಾಂಡ್ ನೀರು," ಎಂದರು ಮಹಾಂತಮ್ಮ. "ಮೂರು ವರ್ಷ ನನ್ನ ಲಿಂಗಕ್ಕೆ ಬಸ್‌ಸ್ಟ್ಯಾಂಡ್ ನೀರು ಹಾಕ್ಸಿದ್ಯಲ್ಲೇ. ಇಂಪನಾಗೆ ಬಸುರು ನಿಂತಾಗ ಪದ್ಮ ನನ್ನ ಕಾಲು ಮುಟ್ಟಿದ್ಲು. ಕೂಡಲಿ ತೀರ್ಥದಿಂದಾನೇ ಅಂದ್ಲು. ನಾನು ಹೌದು ಅಂದೆ." ಗೋಡೆಯ ಕಡೆ ತಿರುಗಿದರು. ವೇದಾವತಿ ಅತ್ತಳು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು, ನಾಲ್ಕು ಬಾರಿಸಿದ್ದರೂ ಚೆನ್ನಾಗಿತ್ತು. ಗೋಡೆಯ ಕಡೆಯಿಂದಲೇ ಮಾತು ಬಂತು. "ಯಾರಿಗೂ ಹೇಳ್ಬ್ಯಾಡ. ಹಲ್ಲಿ ಅಂದಿದ್ದೀಯ, ಹಲ್ಲೀನೇ ಆಗ್ಲಿ. ಬೀದೀಲಿ ಮುಖ ಎತ್ತಿ ತಿರುಗಬೇಕು ನಾನು."

ನಾಲ್ಕು ಗಂಟೆಗೆ ಡಾಕ್ಟರು ಮತ್ತೆ ಬಂದು ಇಬ್ಬರ ಕಣ್ಣು, ನಾಡಿ, ನಾಲಿಗೆ ನೋಡಿದ. "ನೀರಲ್ಲಿ ಬೆರೆತಿದ್ದು, ಅದೂ ಚಮಚದಷ್ಟು. ಬಚಾವಾದ್ರಿ. ಮನೆಗೆ ಹೋಗಬಹುದು," ಎಂದ. ವೇದಾವತಿಗೆ ನಿಂತ ನೆಲ ಮತ್ತೆ ಕಾಲಿಗೆ ಸಿಕ್ಕಂತಾಯಿತು. ಅಜ್ಜನಿಗೆ ಎರಡು ಬನ್ನು ಕೊಡಿಸಿದಳು. ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕುವಾಗ ಮಾತ್ರ ಸಂಕಟವಾಯಿತು. ಮೂರು ನೀರುನಾಯಿ ಸತ್ತದ್ದಕ್ಕೆ ಇದ್ದ ಒಂದೇ ಒಂದು ಸಾಕ್ಷಿ ಅದು.

"ಬಾಟಲಿ ತುಂಬಾ ಇತ್ತಲ್ಲ ಅತ್ತೆ, ಉಳಿದದ್ದು ಎಲ್ಲಿ ಚೆಲ್ಲಿದ್ರಿ?" ಎಂದು ಸುಮ್ಮನೆ ಕೇಳಿದಳು.

"ತೀರ್ಥ ಯಾರಾದ್ರೂ ಚೆಲ್ತಾರಾ? ಪದ್ಮನ ಬಾವಿಗೆ ಹಾಕ್ದೆ. ನೀರು ತಳ ಕಂಡೈತೆ, ಗಂಗಮ್ಮ ಉಕ್ಕಿ ಬರ್ಲಿ ಅಂತ."

ಹೇಳಿದ ಮೇಲೆ ಮಹಾಂತಮ್ಮ ತಾವೇ ಬಾಯಿಗೆ ಸೆರಗು ಒತ್ತಿಕೊಂಡರು.

ಶಿವಮೊಗ್ಗದಿಂದ ಮಲವಗೊಪ್ಪ ಎಷ್ಟು ಮಹಾ ದೂರ, ಆದರೆ ಆ ಆಟೋ ಅಂದು ಮುಂದೆ ಹೋಗುತ್ತಲೇ ಇಲ್ಲ ಎನಿಸಿತು. ಪದ್ಮಮ್ಮನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಉಳಿದ ದಿನ ಅಕ್ಕಪಕ್ಕದ ಮೂರು ಮನೆಗೂ ಆ ಬಾವಿಯೇ ಗತಿ. ಬೇಸಗೆಯಾದ್ದರಿಂದ ಬೆಳಗಿನ ಜಾವ ಸೇದಿದರೆ ಮತ್ತೆ ನೀರು ಊರಲು ಸಂಜೆಯವರೆಗೆ ಕಾಯಬೇಕು. ಅಂದರೆ ಅತ್ತೆ ಸುರಿದ ಮೇಲೆ ಯಾರೂ ಸೇದಿಲ್ಲ. ಸೇದಿರಲಿಕ್ಕಿಲ್ಲ. ಅಥವಾ ಯಾರಾದರೂ ಸೇದಿದ್ದರೆ? ಬಸುರಿ ಸೆಖೆ ಎಂದು ಒಂದು ಕೊಡ ಕೇಳಿದ್ದರೆ? ವೇದಾವತಿ ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಶಿವನೇ ಶಿವನೇ ಎನ್ನುತ್ತಿದ್ದಳು. ಪಕ್ಕದಲ್ಲಿ ಮಹಾಂತಮ್ಮ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ಪದ್ಮಮ್ಮನ ಹಿತ್ತಿಲಿನಿಂದ ರಾಟೆಯ ಕಿರುಗುಟ್ಟುವ ಸದ್ದು ಬೀದಿಗೇ ಕೇಳುತ್ತಿತ್ತು. ಕೊಡ ಇಳಿಯುತ್ತಿರುವ ಸದ್ದು.

"ಸೇದಬೇಡಿ ಪದ್ಮಕ್ಕ!" ಎಂದು ಕೂಗುತ್ತಲೇ ಓಡಿದಳು.

ಪದ್ಮಮ್ಮ ಹಗ್ಗ ಹಿಡಿದುಕೊಂಡೇ ತಿರುಗಿದರು. ಕಟ್ಟೆಯ ಮೇಲೆ ಇಂಪನಾ ಮಂಡಕ್ಕಿಯ ಪೊಟ್ಟಣ ಹಿಡಿದು ಕೂತಿದ್ದಳು. "ಏನಾಯ್ತೇ ಮತ್ತೆ? ಬೆಳಿಗ್ಗೆ ತುಂಬಿಟ್ಟ ಕೊಡ ಮುಗೀತು, ಈ ಹುಡುಗಿಗೆ ಕುಡಿಯಕ್ಕೆ ಬೇಡ್ವಾ?"

"ಬೆಳಿಗ್ಗೆ ಆದಮೇಲೆ ಸೇದಿದ್ರಾ? ಯಾರಾದ್ರೂ ಸೇದಿದ್ರಾ?"

"ಇಲ್ಲ, ಈಗಲೇ. ಯಾಕೆ? ಓ, ನಿಮ್ಮತ್ತೆ ಇದಕ್ಕೆ ಹಾಕಿದ್ರು ಅಂತಾನಾ? ಒಂದು ಹಲ್ಲಿಗೆ ಇಡೀ ಬಾವಿ ಹಾಳಾಗುತ್ತಾ? ಬಿಡು ಮಾರಾಯ್ತಿ."

ವೇದಾವತಿ ಕಟ್ಟೆಯ ಮೇಲೆ ಬಗ್ಗಿದಳು. ಹೋದ ವರ್ಷ ಸೊಳ್ಳೆಮರಿಗೆ ಮದ್ದೆಂದು ಅವಳೇ ಹೊಳೆಯಿಂದ ಹತ್ತಿಪ್ಪತ್ತು ಸಣ್ಣ ಮೀನು ತಂದು ಇಲ್ಲಿ ಬಿಟ್ಟಿದ್ದಳು. ಕಟ್ಟೆಯ ಮೇಲೆ ನೆರಳು ಬಿದ್ದರೆ ಸಾಕು, ಮಂಡಕ್ಕಿಯ ಆಸೆಗೆ ಎಲ್ಲ ಒಟ್ಟಾಗಿ ಮೇಲೆ ಬಂದುಬಿಡುತ್ತಿದ್ದವು. ಸಂಜೆಯ ಬಿಸಿಲು ಒಳಗೋಡೆಯ ಅರ್ಧದವರೆಗೆ ಇಳಿದಿತ್ತು. ಕೆಳಗೆ ನೀರಿನ ಮೇಲೆ ಮಂಡಕ್ಕಿ ತೇಲುತ್ತಿತ್ತು. ಒಂದನ್ನೂ ಯಾವ ಮೀನೂ ಮುಟ್ಟಿರಲಿಲ್ಲ.

"ಆಗಿನಿಂದ ಹಾಕ್ತಾನೇ ಇದ್ದೀನಿ ಅಕ್ಕ, ಬರ್ತಾನೇ ಇಲ್ಲ," ಎಂದಳು ಇಂಪನಾ.

ಆಗ ಒಂದು ಬಂತು. ಓರೆಯಾಗಿ ಬಂತು. ಬಾಯಿ ತೆರೆದು, ಬಿಳಿಯ ಪಕ್ಕೆ ಮೇಲೆ ಮಾಡಿ, ಮಂಡಕ್ಕಿಯ ನಡುವೆ ಒಂದೇ ಕಡೆಗೆ ಗಿರಗಿರನೆ ಸುತ್ತತೊಡಗಿತು. ಅದರ ಹಿಂದೆ ಗೋಡೆಯ ನೆರಳಿನಲ್ಲಿ ಇನ್ನೂ ನಾಲ್ಕಾರು ಬೆಳ್ಳಗಿನ ಚುಕ್ಕೆಗಳು ಅಲುಗದೆ ನಿಂತಿದ್ದವು.  ಹಗ್ಗ ಪದ್ಮಮ್ಮನ ಕೈಯಲ್ಲೇ ಇತ್ತು.

ಒಂದು ಕೈ ಬಂದು ಆ ಹಗ್ಗವನ್ನು ಹಿಡಿಯಿತು. ಡ್ರಿಪ್ಪಿನ ಸೂಜಿ ತೆಗೆದ ಕಡೆ ಹತ್ತಿ ಅಂಟಿಸಿದ್ದ ಕೈ.

"ಹಲ್ಲಿ ಅಲ್ಲ ಪದ್ಮಾ," ಎಂದರು ಮಹಾಂತಮ್ಮ. "ಹೊಳೆಗೆ ಯಾರೋ ವಿಷ ಹಾಕವ್ರೆ. ಅದೇ ನೀರು ನಾನು ಕುಡಿದು, ಧರ್ಮಪ್ಪನೋರಿಗೆ ಕುಡಿಸಿ, ನಿನ್ನ ಬಾವಿಗೂ ಸುರಿದೆ."

"ತೀರ್ಥ ಅಂದ್ರಲ್ಲಾ?"

"ತೀರ್ಥ ಅಲ್ಲ. ಅವತ್ತೂ ಅಲ್ಲ, ಇವತ್ತೂ ಅಲ್ಲ." ಮಹಾಂತಮ್ಮ ಸೊಸೆಯ ಕಡೆ ತಿರುಗಿದರು. "ವೇದಾ, ಹೇಳು. ಎಲ್ಲಾ ಹೇಳು."

ಅವಳು ಹೇಳಿದಳು. ಪಕ್ಕದ ಮನೆಗಳ ಹೆಂಗಸರು ಕೊಡ ಹಿಡಿದು ಬಂದವರು ಬೇಲಿಯ ಬಳಿಯೇ ನಿಂತು ಕೇಳಿದರು.  ಪದ್ಮಮ್ಮ ಹಗ್ಗ ಬಿಟ್ಟು, ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಮಹಾಂತಮ್ಮನ ಮುಖವನ್ನು ನೋಡದೆ ಒಳಗೆ ಕರೆದುಕೊಂಡು ಹೋದರು. ಹಿತ್ತಿಲ ಬಾಗಿಲ ಅಗಳಿ ಬಿದ್ದ ಸದ್ದಾಯಿತು. ಬೇಲಿಯ ಬಳಿ ನಿಂತಿದ್ದವರು ಖಾಲಿ ಕೊಡಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋದರು.

ಮಹಾಂತಮ್ಮ ತಾವೇ ಹಗ್ಗ ಎಳೆದರು. ಕೊಡ ಮೇಲೆ ಬಂತು. ಅದರೊಳಗೆ ಕಿರುಬೆರಳುದ್ದದ ಒಂದು ಮೀನು ಸತ್ತು ತೇಲುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ಅವಳ ಮುಂದೆ ಹಿಡಿದರು.

"ಇದ್ರಲ್ಲಿ ಗೊತ್ತಾಗುತ್ತಾ, ಯಾವ ವಿಷ ಅಂತ?"

"ಗೊತ್ತಾಗಬಹುದು ಅತ್ತೆ."

ವೇದಾವತಿ ಕೊಡದ ನೀರನ್ನು ಬಾಟಲಿಗೆ ತುಂಬಿದಳು. ಹಳೆಯ ಪಟ್ಟಿ ಕಿತ್ತು, ಹೊಸದೊಂದು ಹರಿದು, ಮೊಣಕಾಲ ಮೇಲಿಟ್ಟು ಅಭ್ಯಾಸದಂತೆ ಇಂಗ್ಲಿಷಿನ ಬಿ ಬರೆದಳು.

"ಈ ಸಲ ನಂಗೂ ಓದಕ್ಕೆ ಬರೋ ಹಂಗೆ ಬರಿ," ಎಂದರು ಮಹಾಂತಮ್ಮ.

ಅವಳು ಅದನ್ನು ಹೊಡೆದುಹಾಕಿ ಕನ್ನಡದಲ್ಲಿ ಎರಡು ದೊಡ್ಡ ಅಕ್ಷರ ಬರೆದಳು. ಬಾಟಲಿ ಒದ್ದೆಯಾಗಿದ್ದರಿಂದ ಪಟ್ಟಿ ಅಂಟದೆ ಜಾರುತ್ತಿತ್ತು. ಮಹಾಂತಮ್ಮ ಬಾಟಲಿಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು. ಪಟ್ಟಿಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅದು ಅಂಟುವವರೆಗೆ, ಬಾವಿಕಟ್ಟೆಯ ಮೇಲೆ ಕೂತರು.